ಪಾಠಶಾಲೆಯ ಸಿಬ್ಬಂದಿಯ ಯೋಗಕ್ಷೇಮ

ಪ್ರತಿ ವರ್ಷವೂ ಸೆಪ್ಟೆಂಬರ್ 5ನೆಯ ದಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ, ಕೆಂಗೇರಿಗಳ ಪಾಠಶಾಲೆಗಳಲ್ಲಿ ಉಪಾಧ್ಯಾಯರಿಗೆ ಹಾರ ಹಾಕಿ ಗೌರವಿಸುವುದನ್ನು ನಾವೆಲ್ಲರೂ ಬಲ್ಲೆವು. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳಿದ ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಜನ್ಮದಿನವನ್ನು 1962ರಿಂದ ಹೀಗೆ ಆಚರಿಸುತ್ತ ಬಂದಿದ್ದೇವೆ. ಸನ್ಮಾನವು ಯುಕ್ತವಾದುದೇ ಸರಿ. ಆದರೆ ವರ್ಷದ ಉಳಿದ ದಿನಗಳಲ್ಲಿ ಅವರ ನೆಮ್ಮದಿಯನ್ನು ಕಾಯುವುದು ಯಾವುದು, ಕೆಡಿಸುವುದು ಯಾವುದು ಎಂದು ವಿಚಾರಮಾಡುವವರು ವಿರಳ. ಈ ವಿಷಯವನ್ನು ಕಾಲ, ಕಂಠ, ಭದ್ರತೆ, ಮನಸ್ಸು ಎಂದು ನಾಲ್ಕಾಗಿ ವಿಂಗಡಿಸಿ ನೋಡೋಣ.

ಮೊದಲನೆಯದು ಕಾಲ. ಉಪಾಧ್ಯಾಯರ ಕೆಲಸವು ಕಡೆಯ ಗಂಟೆಯೊಡನೆ ಮುಗಿಯುವುದಿಲ್ಲ. ನಾಳಿನ ಪಾಠವನ್ನು ಸಿದ್ಧಪಡಿಸಬೇಕು, ಮಕ್ಕಳ ಪುಸ್ತಕಗಳನ್ನು ತಿದ್ದಬೇಕು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯು ಇದನ್ನು ಮನಗಂಡು, ವಾರಕ್ಕೆ ಕನಿಷ್ಠ 45 ಗಂಟೆಗಳ ಕೆಲಸದಲ್ಲಿ ಪಾಠದ ಸಿದ್ಧತೆಯ ಹೊತ್ತನ್ನೂ ಸೇರಿಸಿದೆ. ಜನಗಣತಿ (ನಮ್ಮ ಹಿರಿಯರು ಖಾನೇಷುಮಾರಿ ಎನ್ನುತ್ತಿದ್ದುದು), ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಬೇರೆ ಕೆಲಸಕ್ಕೆ ಅವರನ್ನು ಹಚ್ಚಕೂಡದೆಂದು ಅದೇ ಕಾಯಿದೆಯ 27ನೆಯ ಕಲಮು ಹೇಳುತ್ತದೆ. ಹೀಗಿದ್ದರೂ 2025ರ ಸೆಪ್ಟೆಂಬರ್ 22ರಂದು ರಾಜ್ಯದಲ್ಲಿ ಆರಂಭವಾದ ಸಾಮಾಜಿಕ ಹಾಗೂ ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿ ಹೆಚ್ಚಿನವರು ಉಪಾಧ್ಯಾಯರೇ. ಅದು ಮುಗಿಯಲೆಂದು ಶಾಲೆಗಳ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಬೆಳೆಸಬೇಕಾಯಿತು. ಅಂಥ ಸಮೀಕ್ಷೆಗಳ ಪ್ರಯೋಜನ ಏನೇ ಇರಲಿ, ಅದಕ್ಕೆ ತೆತ್ತ ಬೆಲೆ ಉಪಾಧ್ಯಾಯರ ವಿಶ್ರಾಂತಿ ಮತ್ತು ಮಕ್ಕಳ ಪಾಠ. ಇದಲ್ಲದೆ ಹಾಲು, ಮೊಟ್ಟೆ, ಊಟಗಳ ಲೆಕ್ಕವೂ ದಿನದಿನವೂ ಅವರ ತಲೆಯ ಮೇಲಿದೆ.

ಎರಡನೆಯದು ಕಂಠ. ಮಾತನಾಡುವಾಗ ಗಂಟಲಿನೊಳಗಿನ ಎರಡು ಸ್ವರತಂತುಗಳು ಸೆಕೆಂಡಿಗೆ ಪುರುಷರಲ್ಲಿ ನೂರಕ್ಕೂ ಹೆಚ್ಚು ಸಲ, ಸ್ತ್ರೀಯರಲ್ಲಿ ಸುಮಾರು ಇನ್ನೂರು ಸಲ ಒಂದನ್ನೊಂದು ತಾಕಿ ಅಗಲುತ್ತವೆ. ಸುತ್ತ ಸದ್ದು ಹೆಚ್ಚಿದಂತೆ ನಮಗೆ ಅರಿವಿಲ್ಲದೆಯೇ ದನಿ ಏರುತ್ತದೆ. ಮಾಗಡಿ ರಸ್ತೆ, ಮೈಸೂರು ರಸ್ತೆಗಳ ವಾಹನಗಳ ಗದ್ದಲದ ಪಕ್ಕದಲ್ಲಿ ಐದಾರು ಪೀರಿಯಡ್ ಪಾಠ ಹೇಳಿದವರ ಗಂಟಲು ಸಂಜೆಗೆ ಏನಾಗಿರುತ್ತದೆಂಬುದನ್ನು ಊಹಿಸಬಹುದು. ರಸ್ತೆಯ ಕಡೆಯ ಕೊಠಡಿಯನ್ನು ಉಗ್ರಾಣಕ್ಕೆ ಬಿಟ್ಟು ಒಳಗಿನದನ್ನು ತರಗತಿಗೆ ಕೊಡುವುದು, ನಡುವೆ ನೀರು ಕುಡಿಯಲು ಬಿಡುವು, ಸಣ್ಣದೊಂದು ಧ್ವನಿವರ್ಧಕ ಇವು ಅಲ್ಪ ವೆಚ್ಚದ ಉಪಾಯಗಳು. ಒಡಕುದನಿ ಮೂರು ವಾರ ದಾಟಿದರೆ ವೈದ್ಯರನ್ನು ಕಾಣಲೇಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ತೊಂದರೆಗಳಿಗೆ ಚಿಕಿತ್ಸೆಯುಂಟು.

ಮೂರನೆಯದು ಭದ್ರತೆ. ಖಾಸಗಿ ಶಾಲೆಗಳು ತುಂಬಿರುವ ಈ ಬಡಾವಣೆಗಳಲ್ಲಿ ಇದು ಮುಖ್ಯವಾದುದು. ಉಪಾಧ್ಯಾಯರು ಉಪದಾನ, ಅಂದರೆ ಗ್ರಾಚ್ಯುಯಿಟಿ ಪಡೆಯತಕ್ಕ ನೌಕರರ ಗಣನೆಗೆ ಬರುವುದಿಲ್ಲವೆಂದು 2004ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2009ರಲ್ಲಿ ಸಂಸತ್ತು ಕಾನೂನನ್ನು ತಿದ್ದಿ, 1997ರ ಏಪ್ರಿಲ್ 3ರಿಂದಲೇ ಅನ್ವಯಿಸುವಂತೆ ಆ ಹಕ್ಕನ್ನು ಕೊಟ್ಟಿತು. ಖಾಸಗಿ ಶಾಲೆಗಳವರು ಹೂಡಿದ ವ್ಯಾಜ್ಯವು 2022ರ ಆಗಸ್ಟ್ 29ರಂದು ಉಪಾಧ್ಯಾಯರ ಪರವಾಗಿ ಮುಗಿಯಿತು. ಈ ಹಕ್ಕಿನ ಅರಿವೇ ಇಲ್ಲದೆ ಕೆಲಸ ಬಿಟ್ಟು ಹೋದವರು ನಮ್ಮ ನಡುವೆ ಇರಬಹುದು. ಇನ್ನು ಬಿಸಿಯೂಟದ ಅಡುಗೆಯವರಿಗೆ ಸಲ್ಲುವುದಕ್ಕೆ ಸಂಬಳವೆಂಬ ಹೆಸರೇ ಇಲ್ಲ, ಅದನ್ನು ಗೌರವಧನವೆನ್ನುತ್ತಾರೆ. ಆಯಾ, ಜವಾನ, ಗುಮಾಸ್ತೆ ಇವರನ್ನು ಬಿಟ್ಟು ಶಾಲೆಯ ಯೋಗಕ್ಷೇಮವನ್ನು ಎಣಿಸಲಾಗದು.

ಕಡೆಯದು ಮನಸ್ಸು. ನಲವತ್ತು ಮಕ್ಕಳ ಕಷ್ಟಸುಖವನ್ನು ಕೇಳುವವರ ಕಷ್ಟವನ್ನು ಕೇಳುವವರು ಯಾರು? ಈ ಕೆಲಸ ಮೊದಲು ಸಲ್ಲತಕ್ಕದ್ದು ಮುಖ್ಯೋಪಾಧ್ಯಾಯರಿಗೆ. ತಪ್ಪನ್ನು ಕೊಠಡಿಯೊಳಗೆ ಕರೆದು ಹೇಳುವುದು, ಒಳ್ಳೆಯದನ್ನು ಎಲ್ಲರೆದುರು ಹೇಳುವುದು, ವೇಳಾಪಟ್ಟಿ ಮಾಡುವಾಗ ಅವರ ಮಾತನ್ನು ಕೇಳುವುದು ಇವಕ್ಕೆ ಹಣ ಬೇಕಿಲ್ಲ. ದುಗುಡ ಮಿತಿಮೀರಿದರೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳೆನ್ನದೆ ದೂರವಾಣಿ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು.

ಪೋಷಕರಾದ ನಾವು ಮಾಡತಕ್ಕದ್ದೂ ಉಂಟು. ರಾತ್ರಿ ಹತ್ತಕ್ಕೆ ಮಗುವಿನ ಅಂಕಗಳ ವಿಷಯವಾಗಿ ಮೊಬೈಲಿನಲ್ಲಿ ಪ್ರಶ್ನೆ ಕಳುಹಿಸದಿರುವುದು ಒಂದು. ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಾಗಲಿ, ಖಾಸಗಿ ಶಾಲೆಯ ಪೋಷಕರ ಸಭೆಯಲ್ಲಾಗಲಿ ಕುಳಿತಾಗ, ಫಲಿತಾಂಶವೆಷ್ಟು ಎಂದು ಕೇಳುವ ಮೊದಲು, ಸಿಬ್ಬಂದಿಗೆ ಕುಳಿತುಕೊಳ್ಳಲು ಕೊಠಡಿ, ಸ್ತ್ರೀಯರಿಗೆ ಶುಚಿಯಾದ ಶೌಚಗೃಹ, ತಿಂಗಳಿಗೆ ಸರಿಯಾಗಿ ಸಂಬಳ ಇವೆಯೇ ಎಂದು ಕೇಳುವುದು ಇನ್ನೊಂದು. ದಣಿದ ಉಪಾಧ್ಯಾಯರು ಪಾಠವನ್ನು ಒಪ್ಪಿಸಿಯಾರು. ಅರ್ಥವಾಗದ ಮಗುವಿನ ಬಳಿ ಕುಳಿತು ಎರಡನೆಯ ಸಲ ಹೇಳಿಕೊಡಲು ಉಲ್ಲಾಸ ಬೇಕು.