ಖರ್ಚೆಷ್ಟು ಹೇಳಿ, ಆಮೇಲೆ ಓಟು!

ಮನೆಗೆ ಹೊಸ ಕಂಪ್ಯೂಟರ್ ಬೇಕೇ ಎಂದರೆ ಮಕ್ಕಳೆಲ್ಲ ಕೈ ಎತ್ತುತ್ತಾರೆ. ತಿಂಗಳ ಕಂತೆಷ್ಟು ಎಂದು ಕೇಳುವವರು ಅಪ್ಪ ಅಮ್ಮ ಮಾತ್ರ. ಇಡೀ ರಾಜ್ಯದ ಜನರೇ ಕೈ ಎತ್ತಿ ಕಾನೂನು ಮಾಡುವ ಕಡೆ ಈ ಪ್ರಶ್ನೆ ಕೇಳುವವರು ಯಾರು? ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಅದಕ್ಕೆಂದೇ ಒಂದು ಕಚೇರಿಯಿದೆ.

ಅಲ್ಲಿನ ಜನ ಶಾಸಕರ ಹಂಗಿಲ್ಲದೆ ನೇರವಾಗಿ ಕಾನೂನು ಮಾಡಬಲ್ಲರು. ರೈಲ್ವೆ ಕಂಪನಿಯ ಮುಷ್ಟಿಯಲ್ಲಿದ್ದ ರಾಜಕೀಯಕ್ಕೆ ಬೇಸತ್ತು 1911ರಲ್ಲಿ, ಹೈರಮ್ ಜಾನ್ಸನ್ ಗವರ್ನರ್ ಆಗಿದ್ದಾಗ, ಪಡೆದ ಹಕ್ಕು ಇದು. ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ಶೇ. 5ರಷ್ಟು ಸಹಿ ಕೂಡಿಸಿದರೆ ಸಾಕು, ಪ್ರಸ್ತಾವ ಮತಪತ್ರಕ್ಕೆ ಏರುತ್ತದೆ. ಸಂವಿಧಾನವನ್ನೇ ತಿದ್ದುವುದಾದರೆ ಶೇ. 8.

ಆದರೆ ಸಹಿ ಸಂಗ್ರಹಕ್ಕೆ ಹೊರಡುವ ಮೊದಲೇ ಲೆಕ್ಕ ಆಗಬೇಕು. 1941ರಲ್ಲಿ ಸ್ಥಾಪನೆಯಾದ ಶಾಸಕಾಂಗ ವಿಶ್ಲೇಷಕರ ಕಚೇರಿಯೂ ಹಣಕಾಸು ಇಲಾಖೆಯೂ ಸೇರಿ ಖರ್ಚಿನ ಅಂದಾಜು ಕೊಡುತ್ತವೆ. ಅದರ ಸಾರ ಅರ್ಜಿಯ ಮೇಲೆಯೇ ಅಚ್ಚಾಗುತ್ತದೆ. ಮುಂದೆ ಮತದಾರರ ಮನೆಗೆ ಬರುವ ಕೈಪಿಡಿಯಲ್ಲೂ, ಮತಪತ್ರದಲ್ಲೂ ಅದು ಇರುತ್ತದೆ.

2004ರ ನವೆಂಬರ್‌ನ 71ನೇ ಪ್ರಸ್ತಾವವನ್ನು ನೋಡಿ. ಆಕರಕೋಶಗಳ ಸಂಶೋಧನೆಗೆ 300 ಕೋಟಿ ಡಾಲರ್ ಸಾಲಪತ್ರ. ಕೇಳಲು ಚೆಂದ, ಕಾಯಿಲೆಗೆ ಮದ್ದು ಬೇಡವೆನ್ನುವವರಾರು? ಕಚೇರಿ ಬರೆದದ್ದು: ಅಸಲು 300 ಕೋಟಿ, ಬಡ್ಡಿ ಇನ್ನೂ 300 ಕೋಟಿ, 30 ವರ್ಷಗಳ ತೀರುವಳಿ. ವರ್ಷಕ್ಕೆಷ್ಟು ಎಂಬುದನ್ನು ಚಕ್ರಬಡ್ಡಿ ಲೆಕ್ಕಕ್ಕೆ ಹೆದರುವ ನಮ್ಮ ವಿದ್ಯಾರ್ಥಿಗಳೂ ಹೇಳಬಲ್ಲರು. ಎಲ್ಲ ತಿಳಿದೂ ಜನ ಒಪ್ಪಿದರು. ಅದರಲ್ಲಿ ತಪ್ಪೇನೂ ಇಲ್ಲ.

ತಿಳಿದೂ ಒಪ್ಪಿದ್ದಕ್ಕೆ ಇನ್ನೂ ದೊಡ್ಡ ಉದಾಹರಣೆ 1978ರ ಜೂನ್‌ನ 13ನೇ ಪ್ರಸ್ತಾವ. ಮನೆ, ಜಮೀನಿನ ತೆರಿಗೆಯನ್ನು ಬೆಲೆಯ ಶೇ. 1ಕ್ಕೆ ಕಟ್ಟಿಹಾಕುವುದು ಅದರ ಉದ್ದೇಶ. ಮೊದಲ ವರ್ಷವೇ ಸ್ಥಳೀಯ ಸಂಸ್ಥೆಗಳಿಗೆ ಸುಮಾರು 700 ಕೋಟಿ ಡಾಲರ್ ಖೋತಾ ಎಂದು ಮತಪತ್ರದಲ್ಲೇ ಅಚ್ಚಾಗಿತ್ತು. ತೆರಿಗೆ ಏರಿ ಕಂಗಾಲಾಗಿದ್ದವರು ಸುಮಾರು ಶೇ. 65ರಷ್ಟು ಮಂದಿ ಹೂಂ ಎಂದರು. ತೆರಿಗೆ ಆದಾಯ ಅರ್ಧಕ್ಕಿಂತ ಕೆಳಗಿಳಿಯಿತು. ಆ ತೆರಿಗೆಯನ್ನೇ ನೆಚ್ಚಿದ್ದ ಶಾಲೆಗಳು ರಾಜ್ಯದ ಬೊಕ್ಕಸದತ್ತ ಕೈಚಾಚಬೇಕಾಯಿತು.

ಅಂದಾಜು ತಪ್ಪುವುದೂ ಉಂಟು. ಮೂರನೆಯ ಅಪರಾಧಕ್ಕೆ 25 ವರ್ಷದಿಂದ ಜೀವಾವಧಿಯವರೆಗೆ ಸೆರೆ ವಿಧಿಸುವ 1994ರ 184ನೇ ಪ್ರಸ್ತಾವದಿಂದ ಜೈಲುಗಳ ಖರ್ಚು ಕೆಲವೇ ವರ್ಷಗಳಲ್ಲಿ ವರ್ಷಕ್ಕೆ 300 ಕೋಟಿ ಡಾಲರ್ ಏರೀತು ಎಂದಿದ್ದರು. 2005ರಲ್ಲಿ ಅದೇ ಕಚೇರಿ ಪರಿಶೀಲಿಸಿದಾಗ ಹೊರೆ ಸುಮಾರು 50 ಕೋಟಿ! ಹಳೆಯ ಅಪರಾಧವನ್ನು ಲೆಕ್ಕಕ್ಕೆ ಹಿಡಿಯದಿರುವ ಅಧಿಕಾರ ನ್ಯಾಯಾಧೀಶರಿಗೂ ಉಂಟೆಂದು 1996ರಲ್ಲಿ ತೀರ್ಪು ಬಂದಿತ್ತು. ಅದನ್ನು ಮೊದಲೇ ಊಹಿಸುವುದು ಯಾವ ಗಣಿತಜ್ಞನಿಗೆ ಸಾಧ್ಯ?

ನಮ್ಮಲ್ಲಿ ಇಂಥ ಜನಮತ ಪದ್ಧತಿ ಇಲ್ಲ. ಆದರೆ ಖರ್ಚು ತರುವ ಮಸೂದೆಯ ಜೊತೆ ಆರ್ಥಿಕ ಜ್ಞಾಪನ ಪತ್ರ ಇರಲೇಬೇಕೆಂಬ ನಿಯಮವಿದೆ. ಹೆಚ್ಚಿನವರು ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಸ್ಯಾನ್ ಹೋಸೆ, ಸನಿವೇಲ್ ಕಡೆ ಪೌರತ್ವ ಪಡೆದು ನೆಲೆಸಿದ ಬಂಧುಗಳಿದ್ದರೆ, ಚುನಾವಣೆಯ ಕಾಲದಲ್ಲಿ ಆ ಕೈಪಿಡಿಯನ್ನೊಮ್ಮೆ ತೋರಿಸಲು ಹೇಳಿ. ಪರ ವಿರೋಧದ ವಾದಗಳಿಗೂ ಮೊದಲೇ ಅಲ್ಲಿ ವಿಶ್ಲೇಷಕರ ಲೆಕ್ಕ ಅಚ್ಚಾಗಿರುತ್ತದೆ.