ಅಂಡಾಶಯದ ಅರ್ಬುದವು ಹೊಟ್ಟೆಯೊಳಗೆ ಹಬ್ಬುವ ಬಗೆ

ಬೆಳ್ತಂಗಡಿಯ ಕಡೆಯ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳೆದ ಮಳೆಗಾಲದಲ್ಲಿ ನನ್ನನ್ನು ಕಾಣಲು ಬಂದಿದ್ದಳು. ಆಕೆಯ ತಾಯಿಗೆ ಹೊಟ್ಟೆಯುಬ್ಬರ. ಎರಡು ತುತ್ತು ಉಣ್ಣುವಷ್ಟರಲ್ಲಿ ಸಾಕೆನಿಸುವುದು. ವಾಯುವೆಂದು ತಿಳಿದು ತಿಂಗಳುಗಟ್ಟಲೆ ಜೀರಿಗೆ ಕಷಾಯವನ್ನು ಕುಡಿಸಿದರಂತೆ. ಕೊನೆಗೆ ಅದು ಅಂಡಾಶಯದ ಅರ್ಬುದವೆಂದೂ ಹೊಟ್ಟೆಯ ಒಳಪೊರೆಗೆಲ್ಲ ಹಬ್ಬಿದೆಯೆಂದೂ ತಿಳಿದುಬಂತು. “ಟೀಚರೇ, ಅಲ್ಲಿ ಹುಟ್ಟಿದ್ದು ಇಲ್ಲಿಗೆ ಹೇಗೆ ಬಂತು?” ಎಂದು ಕೇಳಿದಳು. ಅಂದು ನಾನು ಕೊಟ್ಟ ಉತ್ತರವು ನನಗೇ ತೃಪ್ತಿಕರವಾಗಿರಲಿಲ್ಲ. ಆದುದರಿಂದ ಓದಿ ತಿಳಿದಷ್ಟನ್ನು ಇಲ್ಲಿ ಬರೆಯುತ್ತೇನೆ.

ಅಂಗಗಳನ್ನು ಹೊದೆದಿರುವ ಜೀವಕೋಶಗಳು ನಮ್ಮ ಮಾಡಿನ ಹೆಂಚುಗಳಂತೆ ಒಂದನ್ನೊಂದು ಕಚ್ಚಿಕೊಂಡಿರುತ್ತವೆ. ಹೀಗೆ ಹಿಡಿದಿಡುವ ಕೊಂಡಿಗಳಲ್ಲಿ ಮುಖ್ಯವಾದುದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ಈ ವರ್ಗದ ಪ್ರೋಟೀನುಗಳನ್ನು ಜಪಾನಿನ ಮಸತೋಶಿ ತಾಕೇಯಿಚಿ ಎಂಬವರು ಕಂಡುಹಿಡಿದರು. ಸ್ನೇಯಿಲ್ ಎಂಬ ಇನ್ನೊಂದು ಪ್ರೋಟೀನು ಉಂಟು. ಅದು ಇ-ಕ್ಯಾಡ್ಹೆರಿನ್ನಿನ ಜೀನನ್ನು ಅದುಮಿ, ಕೊಂಡಿಗಳೇ ತಯಾರಾಗದಂತೆ ಮಾಡುತ್ತದೆಂದು 2000ದಲ್ಲಿ ಸ್ಪೇನಿನ ಸಂಶೋಧಕರು ತೋರಿಸಿದರು. ಆಗ ಕೋಶವು ನೆರೆಯವರ ಕೈಬಿಟ್ಟು, ಉದ್ದವಾಗಿ, ಸರಿದಾಡತೊಡಗುತ್ತದೆ. ಸ್ನೇಯಿಲನ್ನು ದುಷ್ಟನೆಂದು ಭಾವಿಸಬೇಡಿರಿ. ಗರ್ಭದಲ್ಲಿ ಶಿಶುವಿನ ದೇಹವು ರೂಪುಗೊಳ್ಳುವಾಗ ಕೋಶಗಳನ್ನು ಸ್ಥಳಾಂತರಿಸಲು ಅದೇ ಬೇಕು. ಆಮೇಲೆ ಅಡಗಿರಬೇಕಾದುದು ಅರ್ಬುದದಲ್ಲಿ ಅಕಾಲದಲ್ಲಿ ಎಚ್ಚರಗೊಳ್ಳುವುದೇ ಕೇಡು.

ಇತರ ಅನೇಕ ಅರ್ಬುದಗಳು ಮುಖ್ಯವಾಗಿ ರಕ್ತದ ಇಲ್ಲವೆ ದುಗ್ಧರಸದ ಮಾರ್ಗವಾಗಿ ದೂರ ಸಾಗುತ್ತವೆ. ಅಂಡಾಶಯದ್ದು ಹೆಚ್ಚಾಗಿ ಹೊಟ್ಟೆಯೊಳಗಿನ ನೀರಿಗೇ ಉದುರುತ್ತದೆ. 1974ರಲ್ಲಿ ನೇತ್ರಾವತಿಯು ಬಂಟ್ವಾಳ ಪೇಟೆಗೆ ನುಗ್ಗಿದ್ದನ್ನು ಹಿರಿಯರು ಬಲ್ಲರು. ನೆರೆನೀರಿನಲ್ಲಿ ತೇಲಿದ ವಸ್ತುವು ಎಲ್ಲಿ ತಡೆ ಸಿಕ್ಕಿತೋ ಅಲ್ಲಿ ನಿಲ್ಲುವಂತೆ, ಈ ಕೋಶಗಳು ಒಳಪೊರೆಯ ಮೇಲೂ ಕರುಳಿನ ಮುಂದಿನ ಕೊಬ್ಬಿನ ಪದರದಲ್ಲೂ ನೆಲೆಯೂರುತ್ತವೆ. ಆದರೆ ಎಲ್ಲ ಕೊಂಡಿಗಳನ್ನೂ ಕಳಚಿ ಒಂಟಿಯಾದ ಕೋಶವು ನೀರಿನಲ್ಲಿ ಸಾಯುವ ಸಂಭವವೇ ಹೆಚ್ಚು. ಆದುದರಿಂದ ಅನೇಕ ಕೋಶಗಳು ಅರ್ಧ ಬದಲಾಗಿ, ಅರ್ಧ ಹಿಡಿತವನ್ನು ಉಳಿಸಿಕೊಂಡು, ಸಣ್ಣ ಉಂಡೆಗಳಾಗಿ ತೇಲುತ್ತವೆ. ಉಂಡೆಯೊಳಗಿದ್ದರೆ ಔಷಧಿಯನ್ನೂ ಹೆಚ್ಚು ತಾಳಿಕೊಳ್ಳುತ್ತವೆ.

ಈ ಉಂಡೆಗಳನ್ನು ನಮ್ಮ ರಾಜ್ಯದಲ್ಲಿಯೇ ಪರೀಕ್ಷಿಸಿರುವರೆಂಬುದು ನನಗೆ ಸಂತೋಷವನ್ನುಂಟುಮಾಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮರಾಯ ಭಟ್ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಪ್ರಕಾರ, ಅವುಗಳಲ್ಲಿ ಕೆಲವು ಹಿಪ್ಪುನೇರಳೆ ಹಣ್ಣಿನಂತೆ ಗಂಟುಗಂಟಾಗಿಯೂ ಕೆಲವು ನಡುವೆ ಪೊಳ್ಳಾಗಿ ನುಣುಪಾಗಿಯೂ ಇರುತ್ತವೆ. ನುಣುಪಾದವುಗಳ ಸುತ್ತ ಪ್ರೋಟೀನುಗಳಿಂದಾದ ತೆಳುಹೊದಿಕೆಯೊಂದಿದೆ. ಅದನ್ನು ಕರಗಿಸಿದರೆ ಅವು ಮರಳಿ ಗಂಟಿನ ರೂಪವನ್ನು ತಾಳುತ್ತವೆ.

ಇನ್ನು ತಾಯಂದಿರಿಗೆ. ಭಾರತದ ಸ್ತ್ರೀಯರಲ್ಲಿ ಸ್ತನ ಮತ್ತು ಗರ್ಭಕೊರಳಿನ ಅರ್ಬುದಗಳ ಬಳಿಕ ಹೆಚ್ಚಾಗಿ ಕಾಣುವುದು ಇದೇ. ಆರೋಗ್ಯವಂತರೆಲ್ಲರ ರಕ್ತವನ್ನು ಪರೀಕ್ಷಿಸಿ ಇದನ್ನು ಮೊದಲೇ ಹಿಡಿಯಲು ಇಂಗ್ಲೆಂಡಿನಲ್ಲಿ ದೊಡ್ಡ ಪ್ರಯತ್ನ ನಡೆಯಿತು. ಸಾವು ಕಡಿಮೆಯಾಗಲಿಲ್ಲವೆಂದು 2021ರಲ್ಲಿ ತಿಳಿಯಿತು. ಆದುದರಿಂದ ಹೊಟ್ಟೆಯುಬ್ಬರ, ಬೇಗನೆ ಹೊಟ್ಟೆ ತುಂಬುವುದು, ಕೆಳಹೊಟ್ಟೆಯ ನೋವು, ಪದೇ ಪದೇ ಮೂತ್ರಕ್ಕೆ ಹೋಗಬೇಕೆನಿಸುವುದು ಹೊಸದಾಗಿ ತೋರಿ ಎರಡು ಮೂರು ವಾರಗಳಾದರೂ ಬಿಡದಿದ್ದರೆ ವೈದ್ಯರಿಗೆ ತಿಳಿಸಿ ಸ್ಕ್ಯಾನಿಂಗ್ ಮಾಡಿಸಬೇಕು. ಮೂಡಬಿದಿರೆಯಿಂದಾಗಲಿ ಬಂಟ್ವಾಳದಿಂದಾಗಲಿ ಮಂಗಳೂರು ಈಗ ದೂರವಲ್ಲ. ತಾಯಿಗೋ ಅಕ್ಕತಂಗಿಯರಿಗೋ ಈ ರೋಗವಿದ್ದವರು ಬಿ.ಆರ್.ಸಿ.ಎ. ಎಂಬ ಜೀನುಗಳ ಪರೀಕ್ಷೆಯ ಕುರಿತು ವೈದ್ಯರನ್ನು ವಿಚಾರಿಸಬೇಕು. ನನ್ನನ್ನು ಪ್ರಶ್ನಿಸಿದವಳಿಗೂ ಹೀಗೆಯೇ ಕಾಗದ ಬರೆದಿದ್ದೇನೆ.