ಸೇಂತ್-ಎಕ್ಸುಪೆರಿಯ ವಿಮಾನಕ್ಕೊಂದು ಚಾಸಿಸ್ ನಂಬರ್

‘ದಿ ಲಿಟ್ಲ್ ಪ್ರಿನ್ಸ್’ ಬರೆದ ಆಂತ್ವಾನ್ ದ ಸೇಂತ್-ಎಕ್ಸುಪೆರಿಯ ವಿಮಾನವನ್ನು ಹೊಡೆದುರುಳಿಸಿದ್ದು ತಾನೇ ಎಂದು ಜರ್ಮನಿಯ ಮಾಜಿ ಯುದ್ಧ ಪೈಲಟ್ ಹಾರ್ಸ್ಟ್ ರಿಪ್ಪರ್ಟ್ 2008ರಲ್ಲಿ ಹೇಳಿಕೊಂಡಾಗ, ಕೊನೆಗೂ ರಹಸ್ಯ ಬಯಲಾಯಿತೆಂಬ ಧಾಟಿಯಲ್ಲಿ ಸುದ್ದಿಯಾಯಿತು. ಬಯಲಾದದ್ದಾದರೂ ಏನು? ಬಿದ್ದ ವಿಮಾನ ಯಾವುದು ಎನ್ನುವುದು ಒಂದು ಪ್ರಶ್ನೆ, ಅದು ಏಕೆ ಬಿತ್ತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಗಟ್ಟಿ ಉತ್ತರ ನಾಲ್ಕು ವರ್ಷ ಮುಂಚೆಯೇ ಸಿಕ್ಕಿತ್ತು. ಆ ಉತ್ತರದ ಬಲವನ್ನು ಎರಡನೆಯದಕ್ಕೂ ಸಾಲ ಕೊಟ್ಟದ್ದು ಸುದ್ದಿಯ ಉತ್ಸಾಹವೇ ಹೊರತು ವಿಜ್ಞಾನವಲ್ಲ.

1944ರ ಜುಲೈ 31ರ ಬೆಳಿಗ್ಗೆ ಕಾರ್ಸಿಕಾ ದ್ವೀಪದ ಬೋರ್ಗೋದಿಂದ ಸೇಂತ್-ಎಕ್ಸುಪೆರಿ ಒಬ್ಬರೇ ಹೊರಟದ್ದು ಎಫ್-5ಬಿ ವಿಮಾನದಲ್ಲಿ. ಇದು ಲಾಕ್‌ಹೀಡ್‌ನ ಪಿ-38 ಲೈಟ್ನಿಂಗ್ ಫೈಟರೇ. ಮೂತಿಯಲ್ಲಿ ಬಂದೂಕುಗಳ ಜಾಗಕ್ಕೆ ಕ್ಯಾಮೆರಾ ಬಂದಿತ್ತು, ಅಷ್ಟೆ. ಜರ್ಮನರ ವಶದಲ್ಲಿದ್ದ ಫ್ರಾನ್ಸಿನ ಫೋಟೊ ತೆಗೆದು ಬರಬೇಕಿತ್ತು. ಬರಲಿಲ್ಲ. 1998ರಲ್ಲಿ ಮಾರ್ಸೇ ನಗರದ ಬಳಿ, ರಿಯೂ ದ್ವೀಪದ ಹತ್ತಿರ, ಮೀನುಗಾರರೊಬ್ಬರ ಬಲೆಯಲ್ಲಿ ಬೆಳ್ಳಿಯ ಬ್ರೇಸ್‌ಲೆಟ್ ಸಿಕ್ಕಿತು. ಅದರ ಮೇಲೆ ಸೇಂತ್-ಎಕ್ಸುಪೆರಿಯ ಹೆಸರು, ಹೆಂಡತಿ ಕಾನ್ಸುಯೆಲೊ ಹೆಸರು, ನ್ಯೂಯಾರ್ಕಿನ ಪ್ರಕಾಶಕರ ವಿಳಾಸ. ಇದು ನಕಲಿಯಿರಬೇಕೆಂದು ಹಲವರು ಶಂಕಿಸಿದರು, ಮತ್ತು ಆ ಶಂಕೆ ಅನ್ಯಾಯವೇನಲ್ಲ. ಬ್ರೇಸ್‌ಲೆಟ್ ಅಸಲಿಯೇ ಆದರೂ ಅದು ಮನುಷ್ಯನ ಒಡವೆ; ಎಲ್ಲಿಂದ ಎಲ್ಲಿಗೆ ಬೇಕಾದರೂ ಹೋಗಬಲ್ಲದು.

ಕದ್ದ ಕಾರನ್ನು ಪೊಲೀಸರು ಪತ್ತೆ ಹಚ್ಚುವುದನ್ನು ನೆನಪಿಸಿಕೊಳ್ಳಿ. ನಂಬರ್ ಪ್ಲೇಟನ್ನು ಕಳ್ಳ ಅರ್ಧ ಗಂಟೆಯಲ್ಲಿ ಬದಲಿಸುತ್ತಾನೆ, ಇಂಜಿನ್ನನ್ನೂ ಇಳಿಸಿ ಬೇರೆಯದು ಕೂರಿಸಬಹುದು. ಅದಕ್ಕೇ ಬಾನೆಟ್ ಎತ್ತಿ, ಕೊಳೆ ಒರೆಸಿ, ಲೋಹದ ಮೇಲೆ ಪಂಚ್ ಮಾಡಿದ ಚಾಸಿಸ್ ನಂಬರ್ ಹುಡುಕುವುದು. ವಿಮಾನದ ಲೆಕ್ಕವೂ ಇದೇ. ಸೇಂತ್-ಎಕ್ಸುಪೆರಿಯ ವಿಮಾನಕ್ಕೆ ಅಮೆರಿಕದ ಸೇನೆ ಕೊಟ್ಟ ಸಂಖ್ಯೆ 42-68223. ಮೊದಲ ಎರಡು ಅಂಕಿ 1942ರ ಹಣಕಾಸು ವರ್ಷದ್ದು. ಆದರೆ ಅದು ಬಣ್ಣದಲ್ಲಿ ಬರೆದದ್ದು, ಉಪ್ಪುನೀರಿನಲ್ಲಿ ಅರವತ್ತು ವರ್ಷ ಉಳಿಯುವಂಥದಲ್ಲ. ಇಂಜಿನ್ನುಗಳಿಗೆ ಅವುಗಳದೇ ನಂಬರ್ ಇರುತ್ತದೆ, ಆದರೆ ಯುದ್ಧಕಾಲದಲ್ಲಿ ಅವು ಬದಲಾಗುತ್ತಲೇ ಇರುತ್ತವೆ. ಉಳಿದದ್ದು ಕಾರ್ಖಾನೆಯ ಸ್ವಂತ ಕ್ರಮಸಂಖ್ಯೆ. ಮುಳುಗುಗಾರ ಲ್ಯುಕ್ ವಾನ್ರೆಲ್ 2000ದಲ್ಲಿ ಗುರುತಿಸಿದ ಅವಶೇಷಗಳನ್ನು 2003ರಲ್ಲಿ ಮೇಲೆತ್ತಿದಾಗ, ಟರ್ಬೋಚಾರ್ಜರಿನ ಹೊದಿಕೆಯ ತುಣುಕೊಂದರ ಮೇಲೆ ‘2734 ಎಲ್’ ಎಂದು ಕೆತ್ತಿತ್ತು. ‘ಎಲ್’ ಅಂದರೆ ಎಡಬದಿ. ಲಾಕ್‌ಹೀಡ್‌ನ ಲೆಕ್ಕದಲ್ಲಿ 2734 ಎಂದರೆ 42-68223. 2004ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಅಧಿಕಾರಿಗಳು ಇದನ್ನು ಪ್ರಕಟಿಸಿದರು.

ಆ ತುಣುಕು ಬೇರೆ ವಿಮಾನಕ್ಕೆ ಜೋಡಿಸಿದ್ದಿರಬಾರದೇಕೆ ಎಂದು ಕೇಳಬಹುದು. ಕೆಟ್ಟ ವಿಮಾನದಿಂದ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕುವುದು ಯುದ್ಧದಲ್ಲಿ ಮಾಮೂಲು, ಒಪ್ಪೋಣ. ಆದರೆ ಆಗ, 2734ರ ಹೊದಿಕೆ ತೊಟ್ಟ ಇನ್ನೊಂದು ಲೈಟ್ನಿಂಗ್ ಸರಿಯಾಗಿ ಆ ಬ್ರೇಸ್‌ಲೆಟ್ ಸಿಕ್ಕ ನೀರಿನಲ್ಲೇ ಬಿದ್ದಿತೆಂದು ನಂಬಬೇಕಾಗುತ್ತದೆ. ಒಂಟಿಯಾಗಿದ್ದಾಗ ದುರ್ಬಲವಾಗಿದ್ದ ಬ್ರೇಸ್‌ಲೆಟ್‌ಗೆ ತೂಕ ಬರುವುದು ಇಲ್ಲೇ. ನಿಗದಿಯಾಗಿದ್ದ ದಾರಿಯಿಂದ ಪಶ್ಚಿಮಕ್ಕೆ ಇಷ್ಟು ದೂರ ಅವರು ಬಂದದ್ದೇಕೆ ಎಂಬ ಆಕ್ಷೇಪವೂ ಇತ್ತು. ದಾರಿ ಎನ್ನುವುದು ಹೊರಡುವ ಮುಂಚಿನ ಯೋಜನೆ. ಬಿದ್ದ ಜಾಗಕ್ಕೆ ಅದು ಸಾಕ್ಷಿಯಾಗಲಾರದು. ಇದಕ್ಕಿಂತ ಗಂಭೀರವಾದದ್ದು ಬೆರಕೆಯ ಸಮಸ್ಯೆ. ಅದೇ ತಳದಲ್ಲಿ ಜರ್ಮನ್ ಮೆಸ್ಸರ್‌ಶ್ಮಿಟ್ ಫೈಟರೊಂದರ ಇಂಜಿನ್ ಕೂಡ ಬಿದ್ದಿತ್ತು. ಇಬ್ಬರೂ ಕಾದಾಡಿ ಜೊತೆಗೇ ಬಿದ್ದರೆಂದು ಕಥೆ ಕಟ್ಟಲು ಇನ್ನೇನು ಬೇಕು? ವಿಚಾರಿಸಿದಾಗ ಅದು 1943ರ ಡಿಸೆಂಬರಿನಲ್ಲೇ ಕಡಲಿಗೆ ಬಿದ್ದ ವಿಮಾನವೆಂದು ತಿಳಿಯಿತು.

ಆದರೆ 2734 ಎಂಬ ಅಂಕಿ ಇಷ್ಟಕ್ಕೇ ನಿಲ್ಲುತ್ತದೆ. ಮೇಲೆತ್ತಿದ ಚೂರುಗಳಲ್ಲಿ ಗುಂಡಿನ ತೂತು ಕಾಣಲಿಲ್ಲ. ಹಾಗೆಂದು ಗುಂಡು ಬಿದ್ದಿಲ್ಲ ಎನ್ನುವಂತಿಲ್ಲ, ಏಕೆಂದರೆ ಸಿಕ್ಕಿದ್ದು ವಿಮಾನದ ಸಣ್ಣ ಭಾಗ ಮಾತ್ರ. ರಿಪ್ಪರ್ಟ್ ಮಾತನ್ನು ಸಮರ್ಥಿಸುವ ಜರ್ಮನ್ ದಾಖಲೆಯೂ ಸಿಕ್ಕಿಲ್ಲ. ಆಮ್ಲಜನಕದ ಪೂರೈಕೆ ಕೈಕೊಟ್ಟಿರಬಹುದು, ಇಂಜಿನ್ ನಿಂತಿರಬಹುದು ಎನ್ನುವ ಊಹೆಗಳ ಪಾಡೂ ಅದೇ. ಅವುಗಳಲ್ಲಿ ಒಂದನ್ನು ಎತ್ತಿಹಿಡಿದು ಉಳಿದವನ್ನು ತಳ್ಳಿಹಾಕಬಲ್ಲ ಚೂರು ಮೇಲೆ ಬಂದಿಲ್ಲ.